ಹಗ್ಗಕ್ಕೆ ಹಾಕಿದ ಬೀದಿ

ಇಷ್ಟಕ್ಕೆಲ್ಲ ಮೂಲ ಒಣಗದ ಜಲವರ್ಣ. ಒಂಬತ್ತನೇ ತರಗತಿಯ ನಲವತ್ತೆರಡು ಮಕ್ಕಳು ಹಿಂದಿನ ದಿನ ಬಿಡಿಸಿಕೊಟ್ಟ ನಕ್ಷೆಗಳನ್ನು ಭೂಗೋಳದ ಮೇಷ್ಟ್ರು ಹಸಿಯಾಗಿದ್ದಾಗಲೇ ಸುರುಳಿ ಸುತ್ತಿ ಮನೆಗೆ ತಂದಿದ್ದರು. ಬೆಳಿಗ್ಗೆ ಬಿಚ್ಚಿ ನೋಡಿದರೆ ಒಂದಕ್ಕೊಂದು ಅಂಟಿಕೊಳ್ಳುವ ಹುನ್ನಾರದಲ್ಲಿದ್ದವು. ಮೇಷ್ಟ್ರು ಯೋಚನೆ ಮಾಡದ ಮನುಷ್ಯರೇನಲ್ಲ, ಆದರೆ ಯೋಚಿಸುವುದು ಸದಾ ಬೇರೆ ಯಾವುದನ್ನೋ. ತಮ್ಮ ಮಹಡಿ ಕೋಣೆಯ ಮುಂದೆ, ಬೀದಿಗೆ ಮುಖ ಮಾಡಿದ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಮೂರು ಸಾಲು ಹಗ್ಗದಿಂದ ಟವೆಲು ಬನಿಯನ್ನುಗಳನ್ನು ತೆಗೆದರು. ಆ ಜಾಗದಲ್ಲಿ ನಕ್ಷೆಗಳನ್ನು ಕ್ಲಿಪ್ಪು ಹಾಕಿ ನೇತುಬಿಟ್ಟು, ಒಳಗೆ ಹೋಗಿ ಕಿಟಕಿಯ ಬಳಿ ಕೂತರು.

ಆ ಕಿಟಕಿಯೆಂದರೆ ಮೇಷ್ಟ್ರಿಗೆ ಪ್ರಾಣ. ಅಲ್ಲಿ ಕೂತರೆ ಇಡೀ ಬೀದಿ, ಅದರ ತಿರುವು, ತಿರುವಿನಾಚೆ ಬೆಟ್ಟದ ನೀಲಿ ಅಂಚು ಎಲ್ಲ ಕಾಣುತ್ತಿತ್ತು. ಹನ್ನೊಂದು ವರ್ಷದಿಂದ ಅದರ ಮುಂದೆ ಕೂತು ಅವರು ಎಷ್ಟೋ ಊರುಗಳನ್ನು ಸುತ್ತಿ ಬಂದಿದ್ದರು. ಆದರೆ ಕೆಳಗಿನ ಮನೆಯೊಡತಿ ಮೊನ್ನೆ ಒಂದು ಮಾತು ಅಂದಿದ್ದರು: "ನನ್ನ ಅಕ್ಕನ ಮಗ ಕೋಣೆ ಕೇಳ್ತಿದಾನೆ ಮೇಷ್ಟ್ರೇ. ನಿಮಗೋ ಅವನಿಗೋ, ಇನ್ನೆರಡು ದಿನದಲ್ಲಿ ಹೇಳಿಬಿಡ್ತೀನಿ." ಆ ಎರಡನೇ ದಿನವೇ ಇವತ್ತು.

ಕೆಳಗಿನಿಂದ ಟೈಲರ್ ಕೂಗಿದ. "ಮೇಷ್ಟ್ರೇ! ಇದೇನ್ರೀ ನಮ್ಮ ಬೀದಿನ ಹಗ್ಗಕ್ಕೆ ಹಾಕಿದೀರಿ?"

"ಮನದ ನಕ್ಷೆ ಕಣಪ್ಪಾ," ಎಂದರು ಮೇಷ್ಟ್ರು, ಅರ್ಧ ಕನಸಿನಲ್ಲೇ. "ಮಾನವ ಭೂಗೋಳದ ಪಾಠ. ಮನುಷ್ಯ ತಾನು ಓಡಾಡೋ ಜಾಗನ ಟೇಪು ಹಿಡಿದು ನೆನಪಿಟ್ಕೊಳಲ್ಲ. ಪ್ರೀತಿ ಇರೋದು ದೊಡ್ಡದಾಗಿ ಕಾಣುತ್ತೆ, ಬೇಡದ್ದು ಚಿಕ್ಕದಾಗಿ. ದಿನಾ ಶಾಲೆಗೆ ಬರೋ ಈ ಬೀದಿನ ಮಕ್ಕಳು ಹಾಗೇ ಬಿಡಿಸಿದಾರೆ."

"ಮತ್ತೆ ನನ್ನ ಅಂಗಡಿ ಮೇಲೆ 'ಗುಂಡಿ ಹಾಕೋದೊಂದೇ ಬಾಕಿ' ಅಂತ ಯಾಕೆ ಬರ್ದಿದೆ?"

ಮೇಷ್ಟ್ರು ಎದ್ದು ಬಂದು ನೋಡಿದರು. ಒಂದಲ್ಲ, ಇಪ್ಪತ್ತಾರು ನಕ್ಷೆಗಳಲ್ಲಿ ಟೈಲರ್ ಅಂಗಡಿಯ ಬೋರ್ಡೇ ಅದಾಗಿತ್ತು. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಸರ್ವೇಯರ್ ಭೂತಗನ್ನಡಿ ಹಿಡಿದು ಮೆಟ್ಟಿಲು ಹತ್ತಿ ಬಂದೇಬಿಟ್ಟರು, ಹಿಂದೆಯೇ ಟೈಲರ್ ಕೂಡ.

"ಅಳತೆ ಇಲ್ಲ, ದಿಕ್ಕು ತೋರಿಸೋ ಬಾಣ ಇಲ್ಲ. ಇದನ್ನ ನಕ್ಷೆ ಅಂತಾರೇನ್ರೀ?" ಎಂದು ಒಂದೊಂದನ್ನೇ ಮೂಸಿ ನೋಡುವಷ್ಟು ಹತ್ತಿರ ಹೋಗಿ ಪರೀಕ್ಷಿಸಿದರು. "ಮೂವತ್ತು ವರ್ಷ ಅಳತೆ ಸರಪಳಿ ಎಳೆದೋನು ನಾನು. ಆ ತಿರುವಿನವರೆಗೂ ಈ ಬೀದಿ ನೆಟ್ಟಗಿದೆ. ನನ್ನ ಗೇಟಿನ ಹತ್ರ ಬಂದಾಗ ಮಾತ್ರ ಯಾಕೆ ಹಿತ್ತಲಿಗೆ ಸುತ್ತು ಹಾಕಿದೆ?"

ಯಾಕೆಂದು ಬೀದಿಗೆಲ್ಲ ಗೊತ್ತಿತ್ತು. ಆ ಗೇಟಿನಲ್ಲಿ ಸರ್ವೇಯರ್ ಕೈಗೆ ಸಿಕ್ಕವರು ಒಂದು ಗಂಟೆ ಕಳೆಯದೆ ಬಿಡುಗಡೆಯಾಗಿದ್ದಿಲ್ಲ. ಮೇಷ್ಟ್ರು ಪಠ್ಯಪುಸ್ತಕದ ಕೊನೆಯ ಪುಟದ ಪದಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದರು.

"ಅದು ಸಂಚಾರದ ಕೂಡುದಾಣ ಸಾರ್. ದಾರಿಗಳೆಲ್ಲ ಬಂದು ತಿರುಗೋ ಜಾಗ."

ಸರ್ವೇಯರ್ ಮುಖ ಅರಳಿತು. ಟೈಲರ್ ಮುಖ ಬಾಡಿತು. "ಅವರಿಗೆ ಕೂಡುದಾಣ ಕೊಟ್ರಿ. ನನಗೇನು?"

"ನಿನ್ನದು ಆಕರ್ಷಣೆಯ ಅಂಶ. ಒಂದು ಸಲ ಬಂದೋರು ಮತ್ತೆ ಮತ್ತೆ ಬರ್ತಾರೆ." ಒಂದು ಅಂಗಿಗೆ ಆರು ಸಲವಾದರೂ ಬರಲೇಬೇಕಾಗಿತ್ತು, ಅದು ಬೇರೆ ವಿಷಯ.

"ಎರಡ್ರಲ್ಲಿ ಯಾವುದು ದೊಡ್ಡದು?" ಎಂದು ಟೈಲರ್ ಕೇಳುತ್ತಿದ್ದಂತೆ ಮನೆಯೊಡತಿ ಕನ್ನಡಕ ಏರಿಸಿಕೊಂಡು ಮೇಲೆ ಬಂದರು. ಇಬ್ಬರೂ ಗೋಡೆಗೆ ಒರಗಿ ದಾರಿ ಬಿಟ್ಟರು.

ಅವರ ಮನೆ ಮೂವತ್ತೆಂಟು ನಕ್ಷೆಗಳಲ್ಲಿ ಕಪ್ಪು ಬಣ್ಣದ್ದಾಗಿತ್ತು, ಉಳಿದ ನಾಲ್ಕರಲ್ಲಿ ಇರಲೇ ಇಲ್ಲ. ಕಿಟಕಿಯಲ್ಲಿ ಎರಡು ಕಣ್ಣು. ಕೆಳಗೆ ದುಂಡಗಿನ ಅಕ್ಷರದಲ್ಲಿ: 'ಚೆಂಡು ಹೋದರೆ ವಾಪಸು ಬಾರದ ಮನೆ'.

"ಅದು ಅಮ್ಮಾ... ಕೇಂದ್ರ ಸ್ಥಳ. ಸುತ್ತಲಿನ ಎಲ್ಲವೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತೆ," ಎಂದರು ಮೇಷ್ಟ್ರು.

"ನನಗೆ ಕನ್ನಡ ಓದೋಕೆ ಬರುತ್ತೆ ಮೇಷ್ಟ್ರೇ." ಅವರ ಧ್ವನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. "ನನ್ನ ಮನೆ ಚೆನ್ನಾಗಿ ಕಾಣೋ ಒಂದೇ ಒಂದು ನಕ್ಷೆ ಸಂಜೆ ಐದರೊಳಗೆ ತಂದು ತೋರಿಸಿ. ಇಲ್ಲಾಂದ್ರೆ ಕೋಣೆ ಅಕ್ಕನ ಮಗನಿಗೆ."

ಮೇಷ್ಟ್ರು ಶಾಲೆಗೆ ನಡೆದರೋ ತೇಲಿದರೋ ಅವರಿಗೇ ತಿಳಿಯಲಿಲ್ಲ. 'ಆ ಮನೆ ಚೆನ್ನಾಗಿ ಬಿಡಿಸ್ರೋ' ಎಂದು ಮಕ್ಕಳಿಗೆ ಹೇಳಿದ್ದರೆ ಐದು ನಿಮಿಷದ ಕೆಲಸ. ಆದರೆ ಪಾಠದ ವಿಷಯದಲ್ಲಿ ಸುಳ್ಳು ಹೇಳಿಸುವುದು ಅವರ ಕೈಲಾಗದು. ಮಧ್ಯಾಹ್ನದವರೆಗೆ ಒದ್ದಾಡಿ, ಕೊನೆಗೆ ಅಂದರು: "ಹಾಳೆ, ಬಣ್ಣ ತಗೊಳ್ಳಿ. ಇವತ್ತು ಕ್ಷೇತ್ರ ಅಧ್ಯಯನ. ಕಂಡಿದ್ದನ್ನ ಕಂಡ ಹಾಗೆ ಬಿಡಿಸಿ."

ಮೂರು ಗಂಟೆಗೆ ನಲವತ್ತೆರಡು ಮಕ್ಕಳ ಸಾಲು ಬೀದಿಗಿಳಿಯಿತು. ಟೈಲರ್ ಅರ್ಧ ಹೊಲಿದ ಅಂಗಿಗಳನ್ನೆಲ್ಲ ಹೊರಗೆ ತೂಗುಹಾಕಿ, "ಆಕರ್ಷಣೆ ಇಲ್ಲಿದೆ ಬರ್ರೋ!" ಎಂದು ಕರೆದ. ಸರ್ವೇಯರ್ ಟೇಪಿನ ಒಂದು ತುದಿಯನ್ನು ಮೇಷ್ಟ್ರ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ನಲವತ್ತು ನಿಮಿಷ ಬೀದಿಯ ಅಗಲದ ಇತಿಹಾಸ ಹೇಳಿದರು. ಅಂತೂ ಮಕ್ಕಳು ಮನೆಯೊಡತಿಯ ಗೇಟಿನ ಮುಂದೆ ಬಂದು ನಿಂತಾಗ ನಾಲ್ಕಕ್ಕೆ ಐದು ನಿಮಿಷ.

ನಿಂತವರು ನೋಡುತ್ತಲೇ ಇದ್ದರು. ಇಳಿಬಿಸಿಲು ಗೋಡೆಯ ಮೇಲೆ ಜೇನಿನ ಹಾಗೆ ಮೆಲ್ಲಗೆ ಜಾರುತ್ತಿತ್ತು. ಬಾಲ್ಕನಿಯಲ್ಲಿ ಬೆಳಗಿನ ನಕ್ಷೆಗಳು ಗಾಳಿಗೆ ತೂಗುತ್ತಿದ್ದವು. ಎಷ್ಟೋ ವರ್ಷಗಳಿಂದ ಆ ಗೇಟಿನ ಮುಂದೆ ಓಡಿದವರಿದ್ದರೇ ಹೊರತು ನಿಂತವರಿರಲಿಲ್ಲ.

ಬಾಗಿಲು ತೆರೆಯಿತು. "ಏನು ನೋಡ್ತಿದೀರಿ?"

ಎರಡು ಜಡೆಯ ಹುಡುಗಿಯೊಬ್ಬಳು ಹೇಳಿದಳು: "ನಿಮ್ಮನೆ ಅಜ್ಜಿ. ಇಷ್ಟು ದಿನ ಸರಿಯಾಗಿ ನೋಡೇ ಇರಲಿಲ್ಲ. ಚೆನ್ನಾಗಿದೆ."

ಮನೆಯೊಡತಿ ತಟ್ಟನೆ ತಿರುಗಿ ಒಳಗೆ ಹೋದರು. ಕೋಲು ತರಲು ಹೋದರೆಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಅವರು ದೊಡ್ಡದೊಂದು ಗೋಣಿಚೀಲ ಎಳೆದು ತಂದು ಮೆಟ್ಟಿಲ ಮೇಲೆ ಬೋರಲು ಹಾಕುತ್ತಿದ್ದರು. ಚೆಂಡುಗಳು! ಕೆಂಪು, ಹಳದಿ, ಬಣ್ಣ ಮಾಸಿದ್ದು, ಗಾಳಿ ಹೋದದ್ದು. ಮೆಟ್ಟಿಲು ಮೆಟ್ಟಿಲಾಗಿ ಪುಟಿದು, ಗೇಟು ದಾಟಿ, ಬೀದಿಯ ತುಂಬ ಉರುಳಿದವು. ಟೈಲರ್ ಕೂಡ ಒಂದರ ಹಿಂದೆ ಓಡಿದ.

ಆ ಮೆಟ್ಟಿಲ ಮೇಲೆಯೇ ಕೂತು ಮಕ್ಕಳು ಹೊಸ ನಕ್ಷೆ ಬಿಡಿಸಿದರು. ಐದಕ್ಕೆ ಸರಿಯಾಗಿ ಮೇಷ್ಟ್ರು ಅವನ್ನು ಮನೆಯೊಡತಿಯ ಮುಂದೆ ಹರಡಿದರು. ಎಲ್ಲದರಲ್ಲೂ ಆ ಮನೆ ಅರ್ಧ ಹಾಳೆ ತುಂಬಿತ್ತು. ಬಾಗಿಲು ತೆರೆದಿತ್ತು, ಗೋಡೆಗೆ ಬಿಸಿಲಿನ ಬಣ್ಣ.

"ಇಷ್ಟು ದೊಡ್ಡದಾ ನನ್ನ ಮನೆ?" ಮನೆಯೊಡತಿ ಕನ್ನಡಕ ತೆಗೆದು ಒರೆಸಿದರು. "ಅಕ್ಕನ ಮಗನಿಗೆ ಆಗ್ಲೇ ಫೋನ್ ಮಾಡಿ ಹೇಳಿಬಿಟ್ಟೆ, ಕೋಣೆ ಇಲ್ಲ ಅಂತ."

ಮೇಷ್ಟ್ರಿಗೆ ಬೆಟ್ಟದ ನೀಲಿ ಅಂಚೇ ಕಣ್ಣ ಮುಂದೆ ಬಂದಂತಾಯಿತು. "ನಿಮ್ಮ ಉಪಕಾರ ದೊಡ್ಡದು ಅಮ್ಮಾ."

"ನಿಮ್ಮದೇ ದೊಡ್ಡದು. ಮಕ್ಕಳು ದಿನಾ ಸಂಜೆ ಬರ್ತೀವಿ ಅಂದ್ರು ಮೇಷ್ಟ್ರೇ! ನನ್ನ ಮನೆಗೆ! ಅವಕ್ಕೆ ಕೂತು ಬಣ್ಣ ಹಚ್ಚೋಕೆ ಬೆಳಕಿರೋ ಜಾಗ ಬೇಡ್ವೆ? ಮೇಲಿನ ಕೋಣೆ ಅವರಿಗೇ ಅಂತ ಹೇಳಿಬಿಟ್ಟೆ. ಆ ಕಿಟಕಿ ನೋಡಿದ್ರೆ ಕುಣಿದಾಡ್ತಾರೆ."

"ನಾನು?"

"ನಿಮ್ಮನ್ನ ಬೀದಿಗೆ ಬಿಡ್ತೀನಾ? ಸರ್ವೇಯರ್ ಮನೆ ಹಿಂದಿನ ಕೋಣೆ ಮಾತಾಡಿದೀನಿ. ಕಿಟಕಿ ಇಲ್ಲ ನಿಜ. ಆದ್ರೆ ಬೇಜಾರಾಗಲ್ಲ, ಅವರು ದಿನಾ ಬಂದು ಕೂತು ಮಾತಾಡಿಸ್ತಾರಂತೆ."

ಬೇಡವೆನ್ನಲು ಮೇಷ್ಟ್ರು ಬಾಯಿ ತೆರೆದರು. ಆದರೆ ಮನೆಯೊಡತಿಯ ಮುಖದಲ್ಲಿ ಹನ್ನೊಂದು ವರ್ಷದಲ್ಲಿ ಕಾಣದ ನಗು ಇತ್ತು. ಮೇಷ್ಟ್ರು ಟ್ರಂಕು ತುಂಬಲು ಮೇಲೆ ಹೋದರು.

ಹೊತ್ತು ಮುಳುಗುವ ಮೊದಲೇ ಮೇಷ್ಟ್ರು ಟ್ರಂಕು ಹೊತ್ತು ಮೆಟ್ಟಿಲಿಳಿಯುತ್ತಿದ್ದರು. ಮಕ್ಕಳು ದಡದಡ ಹತ್ತುತ್ತಿದ್ದರು. ಎದುರು ಗೇಟಿನಲ್ಲಿ ಸರ್ವೇಯರ್ ಕುರ್ಚಿ ಹಾಕಿಕೊಂಡು, ಪಕ್ಕದಲ್ಲಿ ಇನ್ನೊಂದು ಖಾಲಿ ಕುರ್ಚಿ ಇಟ್ಟುಕೊಂಡು ಕಾಯುತ್ತಿದ್ದರು.

"ಎಲ್ಲಿಗೆ ಹೊರಟ್ರಿ ಸಾರ್?" ಎಂದಳು ಎರಡು ಜಡೆಯ ಹುಡುಗಿ.

"ವಲಸೆ ಕಣಮ್ಮಾ."

"ಯಾವ ಬಗೆದು ಸಾರ್?"

ಮೇಷ್ಟ್ರು ಆ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದರು. "ಬಲವಂತದ್ದು," ಎಂದರು. "ಬರ್ಕೊಳ್ಳಿ, ಪರೀಕ್ಷೆಗೆ ಬರುತ್ತೆ."