ಗಿಟಕಾದ ಎಂಜಿನ್ನು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಮನುಷ್ಯರ ಮಾತೊಂದನ್ನು ಬಿಟ್ಟು ಜಗತ್ತಿನ ಮಿಕ್ಕೆಲ್ಲ ಸದ್ದನ್ನೂ ಕಿವಿಗೊಟ್ಟು ಕೇಳುತ್ತಾರೆ. ಇದನ್ನು ದೂರು ಅಂತ ಹೇಳುತ್ತಿಲ್ಲ, ಮಾಹಿತಿ ಅಂತ ಹೇಳುತ್ತಿದ್ದೇನೆ. ಮನೆಗೆ ಹೊಸ ಗಡಿಯಾರ ತಂದರೆ ಗಂಟೆ ಎಷ್ಟು ಅಂತ ನೋಡುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಮಾತ್ರೆ ಡಬ್ಬಿ, ಟಾರ್ಚು, ನನ್ನ ಮೊಬೈಲು, ಯಾವುದಕ್ಕೂ ವಿನಾಯಿತಿ ಇಲ್ಲ. ನನ್ನ ಮಗ ಹುಟ್ಟಿದಾಗ ಕೂಸನ್ನು ಎತ್ತಿಕೊಳ್ಳಲು ಅವರು ಕೈ ಚಾಚಿದರೆ ನನ್ನ ಹೆಂಡತಿ ಕೊಡಲಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕೆ?

ಇದಕ್ಕೆಲ್ಲ ಕಾರಣ ತೆಂಗಿನಕಾಯಿ. ದಂಡಿನಶಿವರದ ಹತ್ತಿರ ಅವರದು ತೋಟ. ನಮ್ಮ ಕಡೆ ಕೊಬ್ಬರಿಗೆಂದು ಕಾಯನ್ನು ಒಡೆದು ಒಣಗಿಸುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡುತ್ತೇವೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತದೆ. ಆಗ ಅದು ಗಿಟಕು. ಸದ್ದು ಮಾಡದ ಕಾಯಿ ಇನ್ನೂ ಹಸಿ, ಇಲ್ಲವೇ ಕೊಳೆತದ್ದು. ಚಿಕ್ಕಂದಿನಿಂದ ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ಭಾವ, ಲೊಡಗುಟ್ಟುವುದೆಲ್ಲ ಒಳ್ಳೆಯದು, ಸುಮ್ಮನಿರುವುದೆಲ್ಲ ಅನುಮಾನದ್ದು ಅನ್ನುವ ಸಿದ್ಧಾಂತಕ್ಕೆ ಬಂದು ನಿಂತಿದ್ದಾರೆ. ನಾನಂತೂ ಅವರ ಮುಂದೆ ಸುಮ್ಮನೆ ಕೂರುವುದಿಲ್ಲ.

ಈ ಸಿದ್ಧಾಂತ ಅಟ್ಟದ ಮೇಲೆ ಇರುವತನಕ ಯಾರಿಗೂ ತೊಂದರೆ ಇರಲಿಲ್ಲ. ಹೋದ ವರ್ಷ ಅದು ಕೆಳಗಿಳಿದು ಕಾರಿಗೆ ಬಂತು.

ಭಾವನದು ಒಂದು ಹಳೇ ಅಂಬಾಸಿಡರ್. ಹುಳಿಯಾರಿನಾಚೆ ಹೋಗಿ ಬರುವಾಗ ಬೋರನಕಣಿವೆಯ ಹತ್ತಿರ ಅದರ ಎಂಜಿನ್ ನಿಂತುಹೋಯಿತು. "ಇದ್ದಕ್ಕಿದ್ದಂಗೆ ಸುಮ್ಕಾಗೋಯ್ತು ಕಣ್ಲಾ" ಅಂತ ಫೋನಿನಲ್ಲಿ ಹೇಳಿದ ದನಿಗೆ ನಾನು ಯಾರೋ ನೆಂಟರು ತೀರಿಕೊಂಡರು ಅಂತಲೇ ತಿಳಿದು ಕುರ್ಚಿ ಹಿಡಿದು ಕೂತಿದ್ದೆ. ಕಾರು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂತು.

ಅದೇ ಹೊತ್ತಿಗೆ ಚಿಕ್ಕನಾಯಕನಹಳ್ಳಿಯಲ್ಲಿರುವ ಅವರ ಮಗಳ ಸೀಮಂತ ಗೊತ್ತಾಯಿತು. ಹೆತ್ತ ತಾಯಿ ಹೋಗಿ ಮಡಿಲು ತುಂಬಬೇಕು. ಅಕ್ಕನೋ, ಬಚ್ಚಲಲ್ಲಿ ಜಾರಿ ಎಡ ಮಂಡಿ ಮುರಿದುಕೊಂಡವಳು. ಆಪರೇಷನ್ ಆದ ಮೇಲೂ ಕಾಲು ಮಡಚುತ್ತಿರಲಿಲ್ಲ. ಬಸ್ಸು ಹತ್ತುವುದು ನಿಂತೇ ಹೋಗಿತ್ತು. ಆಮೇಲೆ ಅವಳು ಗೇಟಿನಾಚೆ ಹೋದದ್ದು ಒಂದೇ ಸಲ, ತಿಪಟೂರಿನ ಡಾಕ್ಟರ ಹತ್ತಿರ, ನನ್ನ ಕಾರಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು.

ನನ್ನದು ಸಣ್ಣ ಕಾರು, ಹೊಸದು. "ಸೀಮಂತಕ್ಕೆ ನನ್ನ ಕಾರಲ್ಲೇ ಹೋಗೋಣ ಭಾವ. ಏಸಿ ಇದೆ. ಸದ್ದೇ ಇಲ್ಲ" ಅಂದೆ.

"ಬ್ಯಾಡ."

"ಹೋದ್ಸಲ ಚೆನ್ನಾಗಿತ್ತು ಅಂತ ಅಕ್ಕನೇ ಹೇಳಿದ್ಲಲ್ಲ."

"ಅವಳು ಹೇಳ್ತಾಳೆ ಬುಡು. ಈ ಕಾರಿಗೇ ಬ್ಯಾರೆ ಎಂಜಿನ್ ಕೂರಿಸ್ತೀನಿ, ಮನೇಲೇ."

"ನಿಮಗೆ ಕಾರಿನ ಕೆಲಸ ಬರುತ್ತಾ?"

"ಪಂಪ್‌ಸೆಟ್ಟು ಬಿಚ್ಚಿಲ್ವೇನ್ಲಾ? ಅದು ನೀರೆತ್ತುತ್ತೆ, ಇದು ಜನ ಎತ್ತುತ್ತೆ. ಅಷ್ಟೇ ಕಣ್ಲಾ."

ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಎಂಜಿನ್ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕಲ್ಲ! ಅನುಮತಿ, ತಪಾಸಣೆ ಎಲ್ಲಕ್ಕೂ ನಾನೇ ಓಡಾಡಿದೆ. ಈ ದೇಶದಲ್ಲಿ ಕಾಗದಪತ್ರ ಅಷ್ಟೋ ಇಷ್ಟೋ ಸರಿಯಾಗಿದ್ದರೆ ಅದು ನಮ್ಮಂಥ ಪುಕ್ಕಲರಿಂದ.

ತಿಪಟೂರಿನ ಗುಜರಿ ಅಂಗಡಿಯಲ್ಲಿ ಡೀಸೆಲ್ ಎಂಜಿನ್‌ಗಳನ್ನು ಸಾಲಾಗಿ ಇಟ್ಟಿದ್ದರು. ಎಂಜಿನ್ನನ್ನು ಎತ್ತಿ ಕಿವಿಗೆ ಹಿಡಿಯುವಂತಿಲ್ಲ. ಭಾವ ಹಾರೆ ಹಾಕಿ ಮೀಟಿ, ಕಿವಿಯನ್ನೇ ಎಂಜಿನ್ನಿಗೆ ಹಿಡಿದರು. ಮೊದಲನೆಯದು ಸುಮ್ಮನಿತ್ತು, ತಲೆ ಆಡಿಸಿ ಮುಂದೆ ಹೋದರು. ಎರಡನೆಯದೂ ಸುಮ್ಮನಿತ್ತು. ಮೂರನೆಯದು ಲೊಡಲೊಡ ಅಂದಿತು. ಭಾವನ ಮುಖ ಅರಳಿತು.

"ಇದು ಗಿಟಕಾಗೈತೆ."

ಅಂಗಡಿಯ ಸಾಬರು ಪಾಪ, ನ್ಯಾಯವಂತರು. "ಅಣ್ಣಾ, ಅದ್ರಲ್ಲಿ ಏನೋ ಲೂಸಾಗಿದೆ. ಆ ಕಡೇದು ತಗೊಳ್ಳಿ, ಅದು ಪಸಂದಾಗಿದೆ" ಅಂದರು. ಮಾರುವವನೇ ಬೇಡ ಅಂದರೂ ಹಟ ಹಿಡಿದು ಕೊಂಡ ಗಿರಾಕಿಯನ್ನು ಆ ಅಂಗಡಿ ಅವತ್ತೇ ಮೊದಲು ಕಂಡಿರಬೇಕು.

ತೋಟದಲ್ಲಿ ಅಕ್ಕಪಕ್ಕದ ಎರಡು ತೆಂಗಿನ ಮರಗಳಿಗೆ ಅಡ್ಡಲಾಗಿ ತೊಲೆ ಕಟ್ಟಿ, ಚೈನ್ ಪುಲ್ಲಿ ಹಾಕಿ, ಹಳೇ ಎಂಜಿನ್ ಎತ್ತಿದರು. ಸರಪಳಿ ಎಳೆಯುವ ಕೆಲಸ ನನಗೆ ಬಿತ್ತು. ಮೇಲೆ ಕಾಯಿ ಗೊನೆ, ನಡುವೆ ಎಂಜಿನ್ನು, ಕೆಳಗೆ ನಾನು. ಮನೆಯಿಂದ ಹೆಲ್ಮೆಟ್ ತಂದು ಹಾಕಿಕೊಂಡೆ.

ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದ ಅಕ್ಕ ನಕ್ಕಳು. "ಹೆಲ್ಮೆಟ್ ಯಾಕೋ? ಎಂಜಿನ್ ಬಿದ್ರೆ ಅದೂ ಚಪ್ಪಟೆ, ನೀನೂ ಚಪ್ಪಟೆ."

"ಎಂಜಿನ್ನಿಗಲ್ಲ ಅಕ್ಕ, ಕಾಯಿಗೆ."

"ಕಾಯಿ ಬಿದ್ರೆ ಬೀಳ್ಲಿ ಕಣೋ. ತಲೆ ಲೊಡಲೊಡ ಅನ್ನದಿದ್ರೆ ನಿಮ್ಮ ಭಾವ ನಿನ್ನೂ ಅಟ್ಟಕ್ಕೆ ಹಾಕ್ತಾರೆ."

ಹೊಸ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸಲೆಂದು ಹಿಂದಿನ ಕವಚ ಬಿಚ್ಚಿದಾಗ ಒಳಗಿನಿಂದ ಠಣ್ ಅಂತ ಏನೋ ಬಿತ್ತು. ಒಂದು ಸ್ಪ್ಯಾನರ್. ಯಾವ ಪುಣ್ಯಾತ್ಮ ಯಾವಾಗ ಮರೆತಿದ್ದನೋ. ಭಾವ ನಾಚಿಕೊಳ್ಳುತ್ತಾರೆ ಅಂತ ಕಾದೆ. ಅವರು ಸ್ಪ್ಯಾನರನ್ನು ನನ್ನ ಮುಖಕ್ಕೆ ಹಿಡಿದು, "ನೋಡ್ದೇನ್ಲಾ? ಒಳಗಡೆ ಬಿಟ್ಕಂಡೈತೆ ಅಂತ ನಾನು ಹೇಳ್ಲಿಲ್ವಾ?" ಅಂದರು.

ಅಂದರೇನೋ ಅಂದರು, ಆಮೇಲೆ ಮಂಕಾದರು. ಎಂಜಿನ್ನನ್ನು ಎಷ್ಟು ಮೀಟಿದರೂ ಸದ್ದಿಲ್ಲ. ಸಂಜೆಯವರೆಗೂ ಅದರ ಸುತ್ತ ತಿರುಗಿದರು. ಕೊನೆಗೆ ಅಕ್ಕನೇ, "ಆ ಸ್ಪ್ಯಾನರ್ ವಾಪಸ್ ಹಾಕ್ಬುಡಿ ಅತ್ಲಾಗೆ, ನಿಮಗೆ ಸಮಾಧಾನ ಆಗ್ಲಿ" ಅಂದಳು.

ಇನ್ನೊಂದು ತೊಡಕು ಬಂತು. ಎಂಜಿನ್ ಎತ್ತರವಾಗಿ ಬಾನೆಟ್ ಮುಚ್ಚಲಿಲ್ಲ. ತುರುವೇಕೆರೆಯಿಂದ ಬಂದಿದ್ದ ಲೇತ್ ಅಂಗಡಿಯವನು, "ನಾಲ್ಕು ಬೆರಳು ಹಿಂದಕ್ಕೆ ತಳ್ಳಿದ್ರೆ ಒಂದಿಷ್ಟು ಕೆಳಗೂ ಇಳೀತದೆ, ಮುಚ್ಕೊಳ್ತದೆ. ಎಡಗಡೆ ಸೀಟಿನ ಮುಂದೆ ಕಾಲಿಡೋ ಜಾಗ ಒಂಚೂರು ಕಡಿಮೆ ಆಗ್ತದೆ ಅಷ್ಟೇ" ಅಂದ. ನನಗೂ ಸರಿ ಅನ್ನಿಸಿತು. ಭಾವ ಒಪ್ಪಲಿಲ್ಲ.

"ಅಲ್ಲಿಗೆ ಕೈ ಹಚ್ಚಬ್ಯಾಡ."

"ನಾಲ್ಕೇ ಬೆರಳು ಭಾವ."

"ಒಂದು ಬೆರಳೂ ಇಲ್ಲ. ಬಾನೆಟ್ ಕೊಯ್ಯಿ."

ಇದೆಂಥ ಹಟ ಅಂತ ನಾನೂ ಲೇತಿನವನೂ ಮುಖ ಮುಖ ನೋಡಿಕೊಂಡೆವು. ಬಾನೆಟ್ಟಿನ ನಡುವೆ ತೂತು ಕೊಯ್ದದ್ದಾಯಿತು. ತೂತಿನ ಮೇಲೆ ಅಕ್ಕನ ಮುದ್ದೆ ಪಾತ್ರೆಯನ್ನು ಬೋರಲು ಹಾಕಿ ಬೋಲ್ಟು ಬಿಗಿದದ್ದೂ ಆಯಿತು.

"ಇನ್ನು ಮುದ್ದೆ ಎಲ್ಲಿ ತೊಳಸ್ಲಿ?" ಅಂತ ಅಕ್ಕ ಕೇಳಿದಳು.

"ಮಗಳ ಮನೇಲಿ ಉಣ್ಣುವಂತೆ ನಡಿ" ಅಂದರು ಭಾವ.

ಕಾರು ಸ್ಟಾರ್ಟ್ ಆದ ದಿನ ತೋಟದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಬಾಗಿಲು, ಗಾಜು, ಡಿಕ್ಕಿ, ಮುದ್ದೆ ಪಾತ್ರೆ, ಒಂದೊಂದೂ ತನ್ನದೇ ಶ್ರುತಿಯಲ್ಲಿ ಲೊಡಗುಟ್ಟುತ್ತಿತ್ತು. ಎಂಜಿನ್ ಒಂದೇ ಸುಮ್ಮನಿದ್ದುದನ್ನು ಇಡೀ ಕಾರು ಸೇರಿ ಸರಿದೂಗಿಸಿತ್ತು. ಭಾವ ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದರು.

ಸೀಮಂತದ ಬೆಳಿಗ್ಗೆ ನಾನು ನನ್ನ ಕಾರನ್ನೂ ತೊಳೆದು ಅಂಬಾಸಿಡರಿನ ಹಿಂದೆಯೇ ತಂದು ನಿಲ್ಲಿಸಿದೆ. ಅದು ದಾರಿಯಲ್ಲಿ ನಿಂತರೆ? ಮುದ್ದೆ ಪಾತ್ರೆ ಹಾರಿ ಯಾರದಾದರೂ ತಲೆಗೆ ಬಿದ್ದರೆ? ಇದನ್ನೆಲ್ಲ ಯೋಚಿಸುವುದಕ್ಕೆ ಮನೆಗೊಬ್ಬ ಬೇಕಲ್ಲವೆ?

ಭಾವ ಎಡಗಡೆಯ ಬಾಗಿಲನ್ನು ಪೂರಾ ತೆಗೆದರು. ಅಕ್ಕ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಸೀಟು ಎತ್ತರದಲ್ಲೇ ಇತ್ತು, ಬಗ್ಗುವ ಪ್ರಮೇಯ ಬರಲಿಲ್ಲ. ಕೂತು, ನಿಧಾನಕ್ಕೆ ತಿರುಗಿ, ಎಡಗಾಲನ್ನು ಮುಂದಕ್ಕೆ ಚಾಚಿದಳು. ಕಾಲು ಕೋಲಿನ ಹಾಗೆ ನೆಟ್ಟಗೆ ಕೊನೆಯತನಕ ಹೋಯಿತು. ಅಲ್ಲಿಂದಾಚೆ ನಾಲ್ಕು ಬೆರಳು ಜಾಗ ಉಳಿದಿತ್ತೋ ಇಲ್ಲವೋ.

ನಾನು ಏನೋ ಹೇಳಹೊರಟೆ. ಭಾವ ಕೈ ಎತ್ತಿ ತಡೆದರು. ಬಾಗಿಲ ಹತ್ತಿರ ಬಗ್ಗಿ ಕಿವಿ ಹಿಡಿದಿದ್ದರು, ಥೇಟ್ ಕಾಯಿಗೆ ಹಿಡಿಯುವ ಹಾಗೆ.

"ಏನು ಕೇಳ್ತಿದ್ದೀರಿ ಭಾವ? ಇನ್ನೂ ಸ್ಟಾರ್ಟೇ ಮಾಡಿಲ್ಲ."

ಬಾಗಿಲು ಹಾಕಿ, ಕಾರು ಬಳಸಿ ಈ ಕಡೆ ಬಂದು, ಅಕ್ಕನಿಗೆ ಕೇಳದಂತೆ ಹೇಳಿದರು. "ನಿನ್ನ ಕಾರಲ್ಲಿ ಕಾಲು ಒಳಗೆ ತಗೊಳ್ಳೋವಾಗ 'ಉಸ್' ಅಂದಿದ್ಲು ಕಣ್ಲಾ. ಸಣ್ಣಗೆ. ಹೋಗ್ತಾನೂ ಅಂದ್ಲು, ಬತ್ತಾನೂ ಅಂದ್ಲು."

ಪಕ್ಕದಲ್ಲೇ ಕೂತು ಕಾರು ಓಡಿಸಿದವನು ನಾನು. ಭಾವ ಹಿಂದಿನ ಸೀಟಿನಲ್ಲಿದ್ದರು. ನನಗೆ ಕೇಳಿಸಿದ್ದು 'ಚೆನ್ನಾಗೈತೆ ಕಣೋ ನಿನ್ನ ಕಾರು' ಅನ್ನುವ ಮಾತು ಮಾತ್ರ.

"ಇವತ್ತು?"

"ಇವತ್ತು ಏನೂ ಇಲ್ಲ" ಅಂದವರೇ ಭಾವ ಹತ್ತಿ ಕೀಲಿ ತಿರುಗಿಸಿದರು.

ಕಾಗೆಗಳು ಎದ್ದವು. ಆ ಲೊಡಲೊಡದ ನಡುವೆ ಅಕ್ಕ ಅವರ ಕಡೆ ತಿರುಗಿ ಏನೋ ಹೇಳಿದಳು. ಭಾವನಿಗೆ ಎಂದಿನಂತೆ ಕೇಳಿಸಲಿಲ್ಲ. ಅಂಬಾಸಿಡರ್ ಗೇಟು ದಾಟಿತು. ಬಳೆ, ಮಡಿಲಕ್ಕಿ, ಹೆಲ್ಮೆಟ್ಟು ಇಟ್ಟುಕೊಂಡು ನಾನೂ ಹಿಂದೆ ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಏಸಿ ಆರಿಸಿ, ಗಾಜು ಪೂರಾ ಇಳಿಸಿದೆ. ಚಿಕ್ಕನಾಯಕನಹಳ್ಳಿ ಮುಟ್ಟುವವರೆಗೂ ಆ ಸದ್ದು ಮುಂದೆ ಕೇಳುತ್ತಲೇ ಇತ್ತು.