ಸ್ಟೀರಿಯೊದ ಕುಂಯ್‌ಗೆ ನಾನು ಮಾಡಿದ ಚಿಕಿತ್ಸೆ

ನಮ್ಮ ಮನೆಗೆ ಕಾರು ಬಂದದ್ದು ರೊಟ್ಟಿಯ ಕಾರಣಕ್ಕೆ.

ನನ್ನ ಹೆಂಡತಿ ಸುನಂದಾ ಮಾಡುವ ಖಡಕ್ ಜೋಳದ ರೊಟ್ಟಿಗೆ ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗ್‌ನಲ್ಲಿ ಒಳ್ಳೆಯ ಹೆಸರಿದೆ. ದಹಿಸರ್‌ನಲ್ಲಿ ಬೆಳಗಾವಿ ಕಡೆಯವರೊಬ್ಬರ ಅಂಗಡಿಯಿದೆ. ಅವರು ಒಮ್ಮೆ ರುಚಿ ನೋಡಿ, ವಾರಕ್ಕೆರಡು ಸಲ ಬೆಳಿಗ್ಗೆ ತಂದುಕೊಟ್ಟರೆ ಎಷ್ಟಿದ್ದರೂ ತೆಗೆದುಕೊಳ್ಳುತ್ತೇನೆ ಎಂದರು. ಲೋಕಲ್ ರೈಲಿನಲ್ಲಿ ಒಯ್ದು ನೋಡಿದೆವು. ದಾದರ್‌ನಲ್ಲಿ ಗಾಡಿ ಬದಲಿಸುವವರೆಗೆ ಅವು ರೊಟ್ಟಿಯಾಗಿಯೇ ಇದ್ದವು. ದಹಿಸರ್‌ನಲ್ಲಿ ಇಳಿಯುವಾಗ ಮತ್ತೆ ಹಿಟ್ಟಾಗಿದ್ದವು.

ಹೀಗಾಗಿ ನನ್ನ ಸಹೋದ್ಯೋಗಿಯೊಬ್ಬರ ಹಳೆಯ ಸಣ್ಣ ಕಾರನ್ನು ಕೊಂಡೆವು. ನನಗೆ ಲೈಸೆನ್ಸ್ ಇದೆ. ಆದರೆ ಬೆಳಗಿನ ಹೊತ್ತಿಗೆ ನಾನು ಫೋರ್ಟ್ ಪ್ರದೇಶದ ಆಫೀಸಿನಲ್ಲಿ ಲೆಕ್ಕದ ಮೇಜಿನ ಮುಂದೆ ಇರಬೇಕು. ಆದ್ದರಿಂದ ಸುನಂದಾ ತಾನೇ ಕಾರು ಕಲಿಯುತ್ತೇನೆಂದಳು. ಕಲಿಸುವ ಹೊಣೆಯನ್ನು ನಾನು ಹೊತ್ತೆ. ದಿನಾ ಬೆಳಕು ಹರಿಯುವ ಹೊತ್ತಿಗೆ ಬಿಲ್ಡಿಂಗ್ ಹಿಂದಿನ ಖಾಲಿ ರಸ್ತೆಯಲ್ಲಿ ಅಭ್ಯಾಸ. ಪಕ್ಕದಲ್ಲಿ ಕುಳಿತು ನಾನು, "ಈಗ ಸೆಕೆಂಡ್ ಹಾಕು, ಈಗ ಥರ್ಡ್ ಹಾಕು" ಎಂದು ಹೇಳುತ್ತಿದ್ದೆ. ಆಕೆ ಒಂದು ಸಲವೂ ತಪ್ಪದೆ ಹಾಕುತ್ತಿದ್ದಳು. ಒಬ್ಬ ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಗೌರವ ಇನ್ನೇನು ಬೇಕು ಎಂದು ನನಗೆ ಒಳಗೊಳಗೇ ಹೆಮ್ಮೆ.

ಕಾರಿನಲ್ಲಿ ಒಂದೇ ಒಂದು ದೋಷವಿತ್ತು. ಸ್ಟೀರಿಯೊ ಹಾಕಿದರೆ ಹಾಡಿನ ಹಿಂದೆ ಕುಂಯ್ ಎಂಬ ಸಣ್ಣ ದನಿ ಬರುತ್ತಿತ್ತು. ಕಾರು ನಿಂತಾಗ ಸೊಳ್ಳೆಯಷ್ಟು. ಆಕ್ಸಿಲರೇಟರ್ ಒತ್ತಿದಂತೆ ಏರಿ ಏರಿ, ಕೊನೆಗೆ ಯಾರೋ ಬೆಕ್ಕಿನ ಬಾಲದ ಮೇಲೆ ನಿಂತಿದ್ದಾರೇನೋ ಅನಿಸುತ್ತಿತ್ತು. ಹಾಡು ನಿಲ್ಲಿಸಿದರೂ ಸ್ಟೀರಿಯೊ ಚಾಲೂ ಇರುವವರೆಗೆ ಕುಂಯ್ ನಿಲ್ಲದು. ಸುನಂದಾ ಮಾತ್ರ ಕಾರು ಹತ್ತಿದ ಕೂಡಲೇ ಸ್ಟೀರಿಯೊ ಹಾಕುತ್ತಿದ್ದಳು. ಪಾಪ, ಹಾಡಿನ ಆಸೆಗೆ ಈ ಕಾಟವನ್ನೂ ಸಹಿಸುತ್ತಾಳೆ ಎಂದು ನನಗೆ ಮರುಕ. ಆಕೆಯ ಡ್ರೈವಿಂಗ್ ಟೆಸ್ಟ್ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಕುಂಯ್ ತೆಗೆದು ಆಕೆಯನ್ನು ಬೆರಗುಗೊಳಿಸಬೇಕೆಂದು ನಿರ್ಧರಿಸಿದೆ.

ವಿದ್ಯುತ್ತಿಗೂ ನನಗೂ ಅದುವರೆಗೆ ಬಲ್ಬ್ ಬದಲಿಸುವಷ್ಟೇ ಸಂಬಂಧ. ಆದರೆ ಫೋರ್ಟ್‌ಗೆ ಹೋಗಿ ಬರುವ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲ್‌ನಲ್ಲಿ ಸಾಕಷ್ಟು ವೀಡಿಯೊ ನೋಡಿದೆ. ಇಂಜಿನ್ ಜೊತೆ ತಿರುಗುತ್ತ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಎಂಬ ಯಂತ್ರವಿದೆ. ಎಲ್ಲೋ ಅರ್ಥಿಂಗ್ ವೈರ್ ಸಡಿಲವಾದರೆ ಅದರ ಗದ್ದಲ ಸ್ಪೀಕರಿಗೆ ನುಗ್ಗುತ್ತದೆ. ಮೊಬೈಲ್ ಚಾರ್ಜರ್‌ನಿಂದಲೂ ನುಗ್ಗಬಹುದು, ವೈರ್‌ಗಳು ಒಂದರ ಪಕ್ಕ ಒಂದು ಹಾದುಹೋದರೂ ನುಗ್ಗಬಹುದು. ಎಲ್ಲ ವೀಡಿಯೊಗಳೂ ಒಂದು ಎಚ್ಚರಿಕೆ ಹೇಳಿದವು: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕೇಳಿ ನೋಡಿ, ಆಮೇಲೆ ಮುಂದುವರಿಯಿರಿ. ಆತ್ಮವಿಶ್ವಾಸ ಕಡಿಮೆ ಇರುವವರಿಗೆ ಆ ಮಾತು ಎಂದು ನಾನು ತಿಳಿದೆ.

ಒಂದು ಶನಿವಾರ ಸುನಂದಾ ಡೊಂಬಿವಲಿಯ ತಂಗಿಯ ಮನೆಗೆ ಹೋದಳು. ನಾನು ಸ್ಕ್ರೂಡ್ರೈವರ್ ಹಿಡಿದು ಕಾಂಪೌಂಡಿಗೆ ಇಳಿದೆ.

ಡ್ಯಾಶ್‌ಬೋರ್ಡಿನಿಂದ ಸ್ಟೀರಿಯೊ ಎಳೆದೆ. ಅದರ ಹಿಂದೆ ಶ್ಯಾವಿಗೆಯ ಹಾಗೆ ವೈರ್‌ಗಳಿದ್ದವು. ತಲೆಯನ್ನು ಸ್ಟಿಯರಿಂಗ್ ಕೆಳಗೆ ತೂರಿಸಿ, ಕಾಲುಗಳನ್ನು ಬಾಗಿಲಿನ ಹೊರಗೆ ಚಾಚಿ ಮಲಗಿದೆ. ಸ್ವಲ್ಪ ಹೊತ್ತಿಗೆ ನೆಲ ಮಹಡಿಯ ಪರಬ್ ಕಾಕಾ ಬಂದರು. ಅವರು ರಿಟೈರ್ ಆದಮೇಲೆ ಕಾಂಪೌಂಡಿನ ಸಕಲ ಆಗುಹೋಗುಗಳ ಉಸ್ತುವಾರಿ ವಹಿಸಿಕೊಂಡವರು. ಮುಖ ಕಾಣದ್ದರಿಂದ ಅವರು ನನ್ನ ಕಾಲುಗಳೊಡನೆ ಮಾತಾಡಿದರು.

"ಕ್ಯಾ ಹುವಾ ಭಾವು? ಗಾಡಿ ಬಂದ್ ಪಡ್ ಗಯೀ ಕ್ಯಾ?"

"ನಹೀ ಕಾಕಾ. ಗಾಡಿ ಚಾಲೂ ಹೈ. ಸಿರ್ಫ್ ಆವಾಜ್ ನಿಕಾಲ್ ರಹಾ ಹೂಂ," ಗಾಡಿ ಸರಿಯಿದೆ, ಸದ್ದು ತೆಗೆಯುತ್ತಿದ್ದೇನೆ ಅಷ್ಟೆ ಎಂದೆ.

"ಸಂಭಾಲ್ ಕೇ. ಕಹೀಂ ಗಾಡಿ ಕೀ ಜಾನ್ ಮತ್ ನಿಕಾಲ್ನಾ," ಎಂದು, ಸದ್ದಿನ ಜೊತೆ ಗಾಡಿಯ ಜೀವವನ್ನೂ ತೆಗೆಯಬೇಡ ಎಂದು ಎಚ್ಚರಿಸಿ ಕಾಕಾ ಅಲ್ಲೇ ಕುರ್ಚಿ ತರಿಸಿಕೊಂಡು ಕುಳಿತರು.

ಅರ್ಥಿಂಗ್ ವೈರ್ ಬಿಚ್ಚಿ, ಲೋಹದ ಮೇಲಿನ ಬಣ್ಣ ಕೆರೆದು, ಬೇರೆ ಜಾಗಕ್ಕೆ ಬಿಗಿದೆ. ಅಷ್ಟಕ್ಕೇ ಕೇಳಿ ನೋಡಬಹುದಿತ್ತು. ಆದರೆ ಕೈಗೆ ಹುರುಪು ಬಂದಿತ್ತು. ಸ್ಪೀಕರಿನ ವೈರ್‌ಗಳನ್ನು ಇನ್ನೊಂದು ಬದಿಯಿಂದ ಎಳೆದೆ. ಹಳೆಯ ಚಾರ್ಜರ್ ತೆಗೆದು ಹೊಸದನ್ನು ಸಿಕ್ಕಿಸಿದೆ. ಗದ್ದಲ ತಡೆಯುವ ಫಿಲ್ಟರ್ ಎಂಬ ಸಣ್ಣ ಡಬ್ಬಿಯನ್ನು ನಡುವೆ ಜೋಡಿಸಿದೆ. ಬ್ಯಾಟರಿಯ ತುದಿಗಳನ್ನು ಉಜ್ಜಿ ಹೊಳೆಯುವಂತೆ ಮಾಡಿದೆ. ಹಳೆಯ ಚಾರ್ಜರ್ ಮತ್ತು ತುಂಡು ವೈರ್‌ಗಳನ್ನು ಆಗಲೇ ಬಂದ, ಗುಜರಿ ಕೊಳ್ಳುವ ಭಂಗಾರ್‌ವಾಲಾನ ಕೈಗೆ ಉದಾರವಾಗಿ ಕೊಟ್ಟೆ.

ಕೀ ತಿರುಗಿಸಿ ಸ್ಟೀರಿಯೊ ಒತ್ತಿದೆ. ಸತ್ತಂತೆ ಬಿದ್ದಿತ್ತು. ಎಲ್ಲ ಗುಂಡಿ ಒತ್ತಿದೆ. ಆಕಸ್ಮಿಕವಾಗಿ ಹೆಡ್‌ಲೈಟ್ ಹಾಕಿದಾಗ ಹಾಡು ಬಂತು. ಆರಿಸಿದರೆ ಹಾಡೂ ಆರಿತು.

"ಯೇ ಅಚ್ಛಾ ಹೈ," ಎಂದರು ಕಾಕಾ. "ಗಾನಾ ದೂರ್ ಸೇ ದಿಖೇಗಾ." ಹಾಡು ದೂರದಿಂದಲೇ ಕಾಣುತ್ತದೆ ಎಂಬುದು ಅವರ ಸಮಾಧಾನ.

ಎರಡು ವೈರ್ ಅದಲುಬದಲಾಗಿದ್ದವು. ಮತ್ತೆ ಸ್ಟಿಯರಿಂಗ್ ಕೆಳಗೆ ತೂರಿದೆ. ಹೊರಗೆ ಬರುವಾಗ ಹಾರ್ನಿಗೆ ತಲೆ ತಾಗಿ ಬಿಲ್ಡಿಂಗಿನ ಕಿಟಕಿಗಳೆಲ್ಲ ತೆರೆದವು. ಆದರೂ ಕೊನೆಗೆ ಹೆಡ್‌ಲೈಟಿನ ಹಂಗಿಲ್ಲದೆ ಹಾಡು ಬಂತು. ಇಂಜಿನ್ ಚಾಲೂ ಮಾಡಿ ಆಕ್ಸಿಲರೇಟರ್ ಒತ್ತಿದೆ. ಕುಂಯ್ ಇಲ್ಲ. ಇನ್ನೂ ಒತ್ತಿದೆ. ಇಲ್ಲವೇ ಇಲ್ಲ. ದೇವರ ಕೋಣೆಯಲ್ಲಿ ಕುಳಿತು ಕೇಳಿದಂತೆ ಶುದ್ಧವಾದ ಹಾಡು. ಪರಬ್ ಕಾಕಾ ಎದ್ದು ನಿಂತು ನನ್ನ ಕೈ ಕುಲುಕಿದರು. ಆ ಸಂಜೆ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಮನೆಗೆ ಹೋದೆ. ಅಷ್ಟು ಹಗುರವಾಗಿದ್ದೆ.

ಮರುದಿನ ಬೆಳಿಗ್ಗೆ ಸುನಂದಾ ಸ್ಟಿಯರಿಂಗ್ ಹಿಡಿದಳು. ಎಂದಿನಂತೆ ಸ್ಟೀರಿಯೊ ಹಾಕಿದಳು. ನಾನು ಏನೂ ಹೇಳದೆ ಅವಳ ಮುಖವನ್ನೇ ನೋಡುತ್ತಿದ್ದೆ. ಗೇಟು ದಾಟಿದೆವು. ಫಸ್ಟ್ ಗೇರಿನಲ್ಲೇ ಕಾರು ಅರಚತೊಡಗಿತು.

"ಸೆಕೆಂಡ್ ಹಾಕು," ಎಂದೆ.

ಆಕೆ ಗಾಬರಿಯಾಗಿ ಸೆಕೆಂಡ್ ಬದಲು ಫೋರ್ತ್ ಹಾಕಿದಳು. ಕಾರು ನಾಲ್ಕು ಸಲ ಕೆಮ್ಮಿ ರಸ್ತೆಯ ನಡುವೆ ನಿಂತಿತು. ಹಿಂದೆ ನೀರಿನ ಟ್ಯಾಂಕರ್. ಅದರ ಡ್ರೈವರ್ ಹಾರ್ನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ. ಹೇಗೋ ಬದಿಗೆ ತಂದಳು. ಹಣೆಯ ಬೆವರು ಒರೆಸಿಕೊಂಡು ಸ್ಟೀರಿಯೊ ಕಡೆ ಬಾಗಿ ಕಿವಿಗೊಟ್ಟಳು.

"ರೀ, ಅದು ಎಲ್ಲಿ ಹೋತು?"

"ಯಾವುದು?"

"ಆ ಕುಂಯ್ ಅನ್ನೂದು."

ನಾನು ಬೀಗುತ್ತ ಹೇಳಿದೆ: "ತಗದ್ನಿ. ನಿನ್ನೆ ಇಡೀ ದಿನಾ ಕುಂತು ಬುಡಸಮೇತ ತಗದ್ನಿ. ನಿನಗ ಗೊತ್ತಾಗಬಾರದು ಅಂತ ಹೇಳಿರಲಿಲ್ಲ."

ಆಕೆ ನನ್ನನ್ನು ನೋಡಿದ ರೀತಿಯಲ್ಲಿ ಬೆರಗು ಇತ್ತು. ನಾನು ಬಯಸಿದ ಬಗೆಯದ್ದಾಗಿರಲಿಲ್ಲ.

"ಅದನ್ನ ಕೇಳಿನಽ ನಾ ಗೇರ್ ಹಾಕ್ತಿದ್ನಲ್ರೀ. ಅದು ಏರಿ ಏರಿ ಪಂಚಮಕ್ಕ ಬಂತಂದ್ರ ಮುಂದಿನ ಗೇರ್. ಕೆಳಗ ಷಡ್ಜಕ್ಕ ಇಳೀತಂದ್ರ ಹಿಂದಿನ ಗೇರ್."

ಸುನಂದಾ ಧಾರವಾಡದ ತವರಿನಲ್ಲಿ ಚಿಕ್ಕಂದಿನಲ್ಲಿ ಹಾರ್ಮೋನಿಯಂ ಕಲಿತವಳು. ನನಗೆ ಬೆಕ್ಕಿನ ಬಾಲ ಕೇಳಿದ ಕಡೆ ಅವಳಿಗೆ ಸ್ವರ ಕೇಳಿತ್ತು. ನಾನು ತಡವರಿಸುತ್ತ ಕೇಳಿದೆ: "ಮತ್ತ ನಾ ಹೇಳ್ತಿದ್ನಲ್ಲ, ಈಗ ಹಾಕು, ಈಗ ಹಾಕು ಅಂತ?"

"ನೀವು ಯಾವಾಗ್ಲೂ ನಾ ಹಾಕಿದ ಮ್ಯಾಲೆ ಹೇಳ್ತಿದ್ರಿ."

ಟ್ಯಾಂಕರ್ ಡ್ರೈವರನ ಬೈಗುಳಕ್ಕಿಂತ ಇದು ಹೆಚ್ಚು ತಾಗಿತು. ಆದರೆ ತಾಗಿಸಿಕೊಂಡು ಕೂರುವ ಹೊತ್ತಲ್ಲ. ಟೆಸ್ಟ್ ಮುಂದಿನ ವಾರ. ದಹಿಸರ್‌ನ ಅಂಗಡಿಯವರು ಇನ್ನು ತಡವಾದರೆ ಬೇರೆಯವರಿಂದ ರೊಟ್ಟಿ ತರಿಸುತ್ತೇನೆಂದು ಫೋನ್ ಮಾಡಿದ್ದರು. ಸುನಂದಾ ಅದಾಗಲೇ ಊರಿನಿಂದ ಜೋಳ ತರಿಸಿದ್ದಳು. ಹೋದ ಕುಂಯ್ ತಿರುಗಿ ಬರಲೇಬೇಕಿತ್ತು.

"ಚಿಂತಿ ಮಾಡಬ್ಯಾಡ. ತಗದವಗ ಹಾಕಾಕ ಬರೂದಿಲ್ಲೇನು?" ಎಂದೆ.

ಬರಲಿಲ್ಲ. ಐದು ಕೆಲಸ ಒಟ್ಟಿಗೆ ಮಾಡಿದ್ದೆನಲ್ಲ, ಯಾವುದರಿಂದ ಕುಂಯ್ ಹೋಯಿತೆಂದು ನನಗೇ ಗೊತ್ತಿರಲಿಲ್ಲ. ಫಿಲ್ಟರ್ ತೆಗೆದೆ, ಹಾಡು ಇನ್ನೂ ಚೆನ್ನಾಗಿ ಬಂತು. ವೈರ್‌ಗಳನ್ನು ಹಳೆಯ ಬದಿಗೆ ತಂದೆ, ಏನೂ ಆಗಲಿಲ್ಲ. ಭಂಗಾರ್‌ವಾಲಾನನ್ನು ಹುಡುಕಿದೆ, ಚಾರ್ಜರ್ ಯಾವ ಲೋಕ ಸೇರಿತ್ತೋ. ಕೊನೆಗೆ ಅರ್ಥಿಂಗ್ ವೈರ್ ಸಡಿಲಿಸಿದೆ. ಸದ್ದು ಬಂತು, ಆದರೆ ಬೇರೆ ಸದ್ದು. ಇಂಡಿಕೇಟರ್ ಹಾಕಿದಾಗಲೆಲ್ಲ ಸ್ಪೀಕರಿನಲ್ಲಿ ಟಕ್ ಟಕ್ ಎಂದು ಬಡಿಯುತ್ತಿತ್ತು.

ಸುನಂದಾ ಕೇಳಿ ನೋಡಿ ಹೇಳಿದಳು: "ಇದು ತಬಲಾ ಆತು. ನನಗ ತಬಲಾ ಬ್ಯಾಡ."

ಪರಬ್ ಕಾಕಾ ಮತ್ತೆ ನನ್ನ ಕಾಲುಗಳ ಬಳಿ ಬಂದರು. ಈಗೇನು ಎಂದು ಕೇಳಿದರು. ಆವಾಜ್ ವಾಪಸ್ ತರುತ್ತಿದ್ದೇನೆ ಎಂದೆ. ಈ ಸಲ ಅವರು ಕುರ್ಚಿ ತರಿಸಿಕೊಳ್ಳಲಿಲ್ಲ. "ಬಹೂ ಘರ್ ಪೇ ಹೈ ನಾ?" ಎಂದು ಮೆಲ್ಲಗೆ ಕೇಳಿ, ಸುನಂದಾ ಮನೆಯಲ್ಲಿರುವುದನ್ನು ಖಚಿತಪಡಿಸಿಕೊಂಡು, ಮಹಡಿ ಹತ್ತಿ ಅವಳಿಗೆ ನನ್ನ ಆರೋಗ್ಯದ ಬಗ್ಗೆ ಹೇಳಿ ಬಂದರು.

ಸ್ಟೇಷನ್ ಹತ್ತಿರದ ಕಾರ್ ಸ್ಟೀರಿಯೊ ಅಂಗಡಿಗೂ ಹೋದೆ. ಇಂಜಿನ್ ಜೊತೆ ಏರಿಳಿಯುವಂಥ ಗದ್ದಲ ಬೇಕಿತ್ತು ಎಂದೆ. ಅಂಗಡಿಯವರು ನನಗೆ ಹಿಂದಿ ಬರುವುದಿಲ್ಲವೆಂದು ತಿಳಿದು, ನನ್ನ ಮಾತನ್ನು ತಾವೇ ತಿದ್ದಿಕೊಂಡು, ಗದ್ದಲ ತೆಗೆಯುವ ಇನ್ನೊಂದು ಫಿಲ್ಟರ್ ತೋರಿಸಿದರು. ನಾನು ತಲೆಯಾಡಿಸಿ ಮತ್ತೆ ವಿವರಿಸಿದೆ. ಅವರು ಒಂದು ಲೋಟ ನೀರು ಕೊಟ್ಟರು. ಕುಡಿದು ಬಂದೆ.

ಇನ್ನು ಉಳಿದದ್ದು ಒಂದೇ ದಾರಿ. ಅರ್ಥಿಂಗ್ ವೈರ್ ಮತ್ತೆ ಬಿಗಿದು, ಮರುದಿನ ಬೆಳಿಗ್ಗೆ ಸುನಂದಾಳ ಪಕ್ಕ ಕುಳಿತೆ. ಕಾರು ಹೊರಟಿತು. ನಾನು ಬಾಯಿಯಿಂದಲೇ ಶುರು ಮಾಡಿದೆ.

"ಕುಂಯ್..."

"ಇನ್ನೂ ಸಣ್ಣ ದನಿ ತಗೀರಿ," ಎಂದಳು ಆಕೆ, ಕಣ್ಣು ರಸ್ತೆಯ ಮೇಲಿಟ್ಟು.

ತೆಗೆದೆ. ಇಂಜಿನ್ ಏರಿದಂತೆ ನಾನೂ ಏರಿದೆ. ಪಂಚಮ ಬಂತೋ ಏನೋ, ಆಕೆ ಸೆಕೆಂಡ್ ಹಾಕಿದಳು. ಕಾರು ನುಣ್ಣಗೆ ಹೋಯಿತು. ವಾಕಿಂಗ್ ಹೊರಟವರು ಕಾರಿನೊಳಗೆ ಬಗ್ಗಿ ನೋಡಿದರು. ನಾನು ಕಿಟಕಿಯ ಗಾಜು ಏರಿಸಿಕೊಂಡೆ. ನಾಲ್ಕೈದು ದಿನ ಹೀಗೇ ನಡೆಯಿತು. ಆಕೆಯ ಧೈರ್ಯ ತಿರುಗಿ ಬರುತ್ತಿತ್ತು. ನನ್ನ ಗಂಟಲು ಹೋಗುತ್ತಿತ್ತು. ಆಫೀಸಿನಲ್ಲಿ ಮಾತಾಡಿದರೆ ಎಲ್ಲರೂ ಶುಂಠಿ ಕಷಾಯ ಕುಡಿಯಲು ಹೇಳುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ ಫ್ಲೈಓವರ್ ಹತ್ತಿದೆವು. ಏರು ಉದ್ದವಿತ್ತು. ಕುಂಯ್ ಕೂಡ ಉದ್ದವಾಗಬೇಕಾಯಿತು. ನಡುವೆ ಉಸಿರು ತೆಗೆದುಕೊಳ್ಳಲು ನಿಂತೆ. ಕಾರೂ ನಿಂತಿತು.

ಹಿಂದೆ ಹಾರ್ನ್‌ಗಳ ಮೆರವಣಿಗೆ. ಸುನಂದಾ ಹ್ಯಾಂಡ್‌ಬ್ರೇಕ್ ಎಳೆದು ನನ್ನ ಕಡೆ ತಿರುಗಿದಳು.

"ರೀ, ಒಂದು ಮಾತು ಕೇಳಲೇನು? ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಅಂತ ನಿಮಗ ಹೆಂಗ ತಿಳೀತೈತಿ?"

"ಇಂಜಿನ್ ಸಪ್ಪಳ ಕೇಳಿ ಹಾಡ್ತೀನಿ," ಎಂದೆ ಏದುಸಿರು ಬಿಡುತ್ತ.

"ಅದು ನನಗೂ ಕೇಳಸ್ತೈತಲ್ಲ. ನಡುವ ನೀವ್ಯಾಕ?"

ಆಕೆ ಸ್ಟೀರಿಯೊ ಬಂದ್ ಮಾಡಿ, ತನ್ನ ಬದಿಯ ಗಾಜು ಇಳಿಸಿ, ಕಾರು ಚಾಲೂ ಮಾಡಿದಳು. ಒಂದು ಕ್ಷಣ ತಲೆ ಓರೆ ಮಾಡಿ ಕೇಳಿಸಿಕೊಂಡಳು. "ಇದರ ಶ್ರುತಿ ಸ್ವಲ್ಪ ದಪ್ಪ ಐತಿ. ಆದ್ರ ಚೊಲೊ ಐತಿ," ಎಂದಳು. ಕಾರು ಮೆಲ್ಲಗೆ ಏರಿತು. ಸೆಕೆಂಡ್. ಫ್ಲೈಓವರಿನ ತುದಿಯಲ್ಲಿ ಥರ್ಡ್. ನಾನು "ಈಗ" ಎಂದು ಬಾಯಿ ತೆರೆಯುವಷ್ಟರಲ್ಲಿ ನಾವು ಆಚೆ ಬದಿ ಇಳಿಯುತ್ತಿದ್ದೆವು. ಬೆಳಗಿನ ಗಾಳಿಗೆ ಅವಳ ಮುಖ ಅರಳಿತ್ತು. ಕಾರು ಕೊಂಡಾಗಿನಿಂದ ಆಕೆ ನಕ್ಕಿದ್ದನ್ನು ನಾನು ಅಂದೇ ನೋಡಿದ್ದು. ಬಹುಶಃ ಅದುವರೆಗೆ ನಾನು ಮಾತಾಡುತ್ತಿದ್ದುದರಿಂದ ಕಂಡಿರಲಿಲ್ಲ.

ಟೆಸ್ಟ್ ದಿನ ಇನ್‌ಸ್ಪೆಕ್ಟರ್ ಅವಳ ಪಕ್ಕದಲ್ಲಿ ಕುಳಿತರು. ನಾನು ಬೇಲಿಯ ಹೊರಗೆ. ಸುನಂದಾ ಗಾಜು ಇಳಿಸಿ ಹೊರಟಳು. ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ದಿಬ್ಬದ ಮೇಲೆ, ಎಲ್ಲ ಸರಾಗ. ನಾನು ಬೇಲಿಗೆ ಅಂಟಿಕೊಂಡು ಅವಳ ಒಂದೊಂದೇ ಗೇರ್ ಎಣಿಸುತ್ತಿದ್ದೆ. ಪಕ್ಕದಲ್ಲಿದ್ದ ಒಬ್ಬ ಹಿರಿಯರು ನನ್ನ ಭುಜ ಮುಟ್ಟಿ, "ಭಾಯಿಸಾಬ್, ತಬಿಯತ್ ಠೀಕ್ ಹೈ?" ಎಂದು ಆರೋಗ್ಯ ವಿಚಾರಿಸಿದಾಗಲೇ ನಾನು ಗಟ್ಟಿಯಾಗಿ ಕುಂಯ್ ಎನ್ನುತ್ತಿದ್ದೇನೆಂದು ಗೊತ್ತಾದದ್ದು.

ಆಕೆ ಪಾಸಾದಳು.

ಮೊದಲ ದಿನದ ರೊಟ್ಟಿ ಒಯ್ಯುವಾಗ ನಾನು ಆಫೀಸಿಗೆ ರಜೆ ಹಾಕಿ ಜೊತೆಗೆ ಹೋದೆ. ಹಿಂದಿನ ಸೀಟಿನಲ್ಲಿ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಹೈವೇ ಸೇರಿದ ಮೇಲೆ ಸುನಂದಾ ಸ್ಟೀರಿಯೊ ಹಾಕಿದಳು.

"ಹಾಡು ಹಾಕಿದ್ರ ಇಂಜಿನ್ ಕೇಳಸ್ತೈತೇನು?" ಎಂದೆ ಕಾಳಜಿಯಿಂದ.

"ಈಗ ಕಿವಿ ಬೇಕಾಗಿಲ್ಲ. ಕಾಲಿಗೇ ತಿಳೀತೈತಿ."

ಹಾಡು ನಿಜಕ್ಕೂ ಶುದ್ಧವಾಗಿ ಬರುತ್ತಿತ್ತು. ಅದು ಯಾರ ಶ್ರಮದ ಫಲವೆಂದು ನಾನು ನೆನಪಿಸಿದೆ. ಅರ್ಥಿಂಗ್ ಬಗ್ಗೆ ನಾಲ್ಕು ಮಾತು ಹೇಳಿದೆ. ಹಾಗೆಯೇ ಮುಂದಿನ ಟ್ರಕ್ಕಿನಿಂದ ಎಷ್ಟು ಅಂತರ ಇರಬೇಕು, ಲೇನ್ ಹೇಗೆ ಬದಲಿಸಬೇಕು, ಕ್ಲಚ್ ಮೇಲೆ ಕಾಲು ಯಾಕೆ ಇಡಬಾರದು ಎಂದು ತಿಳಿಸತೊಡಗಿದೆ. ಸುನಂದಾ ಎಲ್ಲ ಕೇಳಿಸಿಕೊಂಡಂತೆ ತಲೆಯಾಡಿಸಿ, ಎಡಗೈ ಚಾಚಿ ಹಾಡಿನ ದನಿ ಏರಿಸಿದಳು.

ಸ್ಪೀಕರ್‌ಗಳು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದವೆಂದರೆ, ದಹಿಸರ್ ಬರುವವರೆಗೆ ನನ್ನ ಮಾತು ನನಗೇ ಕೇಳಿಸಲಿಲ್ಲ.