ಮಾಮ ಎಚ್ಚರವಿದ್ದು ನೋಡಿದ ಆರನೇ ಭಾಗ

ನಮ್ಮ ಮಾಮನಷ್ಟು ಫೈಟಿಂಗ್ ಪಿಕ್ಚರ್ ನೋಡಿದವರು ಇಡೀ ಅಂಕೋಲಾ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಅದರಲ್ಲಿ ಒಂದನ್ನೂ ಅವನು ಕಣ್ಣುಬಿಟ್ಟು ನೋಡಿರಲಿಲ್ಲ, ಅದು ಬೇರೆ ಮಾತು!

ಮಾಮ ಅಂದರೆ ನನ್ನ ಅಮ್ಮನ ಅಣ್ಣ. ಹರಿವೆ, ಬಸಳೆ, ಮೆಣಸು ಬೆಳೆಯುವವನು. ಕೋಳಿ ಕೂಗುವ ಮೊದಲೇ ಎದ್ದು ಸೊಪ್ಪಿನ ಕಟ್ಟು ಹೊತ್ತು ಪೇಟೆಗೆ ಹೊರಡುವವನು. ಹಾಗಾಗಿ ಬೆನ್ನಿಗೆ ಎಲ್ಲಿ ಆಸರೆ ಸಿಕ್ಕಿತೋ ಅಲ್ಲೇ ನಿದ್ದೆ. ಟಾಕೀಸಿನ ಕತ್ತಲೆ, ಮೆತ್ತನೆಯ ಕುರ್ಚಿ, ಮೇಲೆ ಫ್ಯಾನು! ಇನ್ನೇನು ಬೇಕು? ಹಾಗಾದರೆ ದುಡ್ಡು ಕೊಟ್ಟು ಯಾಕೆ ಹೋಗುತ್ತಿದ್ದ ಅಂತೀರಾ? ಮಾಮಿಗೋಸ್ಕರ.

ಮಾಮಿ ಕಾರವಾರದ ಕಾಳಿ ನದಿಯಾಚೆಯ ಚಿತ್ತಾಕುಲದವಳು. ಮನೆಯಲ್ಲಿ ಕೊಂಕಣಿ, ಸಿಟ್ಟು ಬಂದರೆ ಮರಾಠಿ, ನಮ್ಮ ಹತ್ತಿರ ಕನ್ನಡ, ಪಿಕ್ಚರ್ ಕತೆ ಹೇಳುವಾಗ ಮೂರೂ! ಒಬ್ಬ ಪೊಲೀಸ್ ಹೀರೋನ ಸರಣಿಯೊಂದಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಅದರ ಹೊಸ ಭಾಗ ಬರುತ್ತಿತ್ತು. ಬಂದ ವಾರವೇ ಇಬ್ಬರೂ ಕಾರವಾರದ ಮ್ಯಾಟಿನಿಗೆ ಹಾಜರು. ಮಾಮಿ ನೋಡುವವಳು, ಮಾಮ ಗೊರಕೆ ಹೊಡೆಯುವವನು. ಒಮ್ಮೆ ಮುಂದಿನ ಸೀಟಿನವನೊಬ್ಬ ಅದನ್ನು ವಿಲನ್ನನ ಮೋಟರ್‌ಬೈಕು ಅಂದುಕೊಂಡು, "ಈ ಟಾಕೀಸಿನಲ್ಲಿ ಸೌಂಡು ಭಾರೀ ಚೊಲೋ ಅದೆ" ಎಂದು ಹೊಗಳಿದ್ದನಂತೆ.

ನಿಜವಾದ ಪಿಕ್ಚರ್ ಶುರುವಾಗುತ್ತಿದ್ದದ್ದು ವಾಪಸು ಬರುವ ಬಸ್ಸಿನಲ್ಲಿ. "ಹ್ಞಾಂ, ಹೇಳು. ಎಂತಾಯ್ತು?" ಎಂದು ಮಾಮ ಕೇಳುವುದು, "ಆಯ್ಕ!" ಎಂದು, ಅಂದರೆ ಕೇಳು ಅಂತ, ಮಾಮಿ ಶುರುಮಾಡುವುದು. ಚೆಂಡಿಯಾ ಸ್ಟಾಪ್ ಬರುವಷ್ಟರಲ್ಲಿ ಇಂಟರ್ವಲ್. ಅವರ್ಸಾದಲ್ಲಿ ಇಳಿಯಬೇಕಾದವರು ಕ್ಲೈಮ್ಯಾಕ್ಸ್ ಕೇಳಲಿಕ್ಕೆಂದೇ ಅಂಕೋಲೆಯವರೆಗೆ ಟಿಕೆಟ್ ತೆಗೆದದ್ದುಂಟು!

ಮನೆಗೆ ಬಂದಮೇಲೆ ಮಾಮನ ಸರದಿ. ಮಾಮಿ ಹೇಳಿದ ಕತೆಗೆ ತನ್ನ ಕನಸನ್ನೂ ಕಲಸಿ ನಮಗೆ ಬಡಿಸುತ್ತಿದ್ದ. ಹೀರೋನ ಬೈಕು ದೇವಬಾಗದ ಮರಳಿನಿಂದ ನೀರಿಗಿಳಿದು, ನೀರಿನ ಮೇಲೇ ಕೂರ್ಮಗಡ ದ್ವೀಪದ ಕಡೆ ಓಡುತ್ತಿತ್ತು. ಎರಡೂ ಬದಿಗೆ ಡಾಲ್ಫಿನ್ನುಗಳು. ವಿಲನ್ನನ ಹೆಲಿಕಾಪ್ಟರು ಗಾಳಿಮರದ ತುದಿಯಲ್ಲಿ ಏರೋಪ್ಲೇನ್ ಚಿಟ್ಟೆಯ ಹಾಗೆ ಕೂತು ತೂಗುತ್ತಿತ್ತು. ಹೊಡೆದಾಟದ ನಡುವೆಯೇ ಹೀರೋ ಮರಳಲ್ಲಿ ಅಂಗಾತ ಮಲಗಿ ಸಮುದ್ರದ ಸಪ್ಪಳ ಕೇಳುತ್ತಿದ್ದ.

"ಮಾಮಾ, ವಿಲನ್ ಗುಂಡು ಹೊಡೆದಿದ್ದನಲ್ಲ, ಅದೆಲ್ಲಿ ಹೋಯ್ತು?"

"ಬತ್ತಾ ಇತ್ತು. ಮೆಲ್ಲಗೆ ಬತ್ತಾ ಇತ್ತು. ನಿಂಗೆಂತಾ ಗಡಿಬಿಡಿ?"

ದೊಡ್ಡವಳಾದ ಮೇಲೆ ಮೂರನೇ ಭಾಗವನ್ನು ಮೊಬೈಲಿನಲ್ಲಿ ನೋಡಿದೆ. ಡಾಲ್ಫಿನ್ನೂ ಇಲ್ಲ, ಮರಳೂ ಇಲ್ಲ. ಮೋಸ ಅನ್ನಿಸಿತು. ಮಾಮ ಮಾಡಿದ್ದಲ್ಲ, ಪಿಕ್ಚರಿನವರು ಮಾಡಿದ್ದು!

ಹೋದ ವರ್ಷ ಮಾಮಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ಹೋಯಿತು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಆದರೆ ಯಾವುದೂ ಬೇಡ ಎಂಬಂತೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದಳು. ಮೂರು ಭಾಷೆಯ ಮನೆ ಮೂಕವಾಯಿತು. ಹೀಗಿರುವಾಗ ಒಂದು ದಿನ ಟಿವಿಯಲ್ಲಿ ಆರನೇ ಭಾಗದ ಜಾಹೀರಾತು ಬಂತು. ಮಾಮಿ ಎಡಗೈ ಎತ್ತಿ ಅದನ್ನೇ ತೋರಿಸಿದಳು. ಕಾಯಿಲೆ ಬಿದ್ದಮೇಲೆ ಅವಳಾಗಿ ಏನನ್ನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

ಟಾಕೀಸಿನ ಮೆಟ್ಟಿಲು ಹತ್ತಿಸುವುದು ಸಾಧ್ಯವಿರಲಿಲ್ಲ. ಮಾಮ ಎದೆ ಸೆಟೆಸಿ ಹೇಳಿದ: "ಈ ಸಲ ನಾ ನೋಡ್ಕಂಡ್ ಬಂದು ಹೇಳ್ತೆ. ನೀ ಕೇಳು."

ಯಾರು? ನಮ್ಮ ಮಾಮ! ಎಚ್ಚರವಿದ್ದು!

ಕಾರವಾರದಲ್ಲಿ ನೌಕರಿ ಮಾಡುವ ನಾನೇ ರಜೆ ಹಾಕಿ, ಸ್ಕೂಟರಿನಲ್ಲಿ ಅವನನ್ನು ಕರೆದೊಯ್ದೆ. ಅವನ ಅಂಗಿಯ ಜೇಬಿನ ತುಂಬ ತನ್ನ ತೋಟದ್ದೇ ಹಸಿಮೆಣಸು. ಕಣ್ಣು ಎಳೆದಾಗ ಒಂದು ಕಚ್ಚುವುದು, ಅದು ಅವನ ಉಪಾಯ. ದೀಪ ಆರುವ ಮೊದಲೇ ಒಂದು ಕಚ್ಚಿ ತಯಾರಾದ.

ಹತ್ತು ನಿಮಿಷವಾಗಿರಲಿಲ್ಲ, ಹೀರೋನ ಹೆಂಡತಿಯನ್ನು ಕೊಂದುಬಿಟ್ಟರು! ಐದು ಭಾಗ ಅವನ ಗಾಯಕ್ಕೆ ಪಟ್ಟಿ ಕಟ್ಟಿದವಳು, ಬೈದು ಬೈದು ಊಟ ಹಾಕಿದವಳು. ಮಾಮ ಎದ್ದೇ ನಿಂತ.

"ಏಯ್! ಅವ್ಳನ್ನ ಎಂತಕ್ಕೆ ಕೊಂದ್ರೋ?"

"ಕೂತ್ಕಳ್ಳೋ ಅಜ್ಜಾ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಆಮೇಲೆ ಉಳಿದದ್ದೇನು? ಕೂದಲಿಗೆ ಬಣ್ಣ ಬಳಿದ ಹೀರೋ ಕಂಪ್ಯೂಟರಿನ ಮುಂದೆ ಕೂತು ಫೋನು ಮಾಡುವುದು, ಹೊಡೆದಾಟ ಬಂದಾಗ ಬೆನ್ನು ಮಾತ್ರ ಕಾಣುವುದು. ಆ ಬೆನ್ನು ಅವನದಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಕೊನೆಗೆ ಕೊನೆಯೂ ಇಲ್ಲ, ಮಿಕ್ಕಿದ್ದು ಏಳನೇ ಭಾಗದಲ್ಲಂತೆ! ನಾನೇ ಎರಡು ಸಲ ತೂಕಡಿಸಿದೆ. ಮಾಮ ಮಾತ್ರ ರೆಪ್ಪೆ ಬಡಿಯಲಿಲ್ಲ. ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿತ್ತು. "ಮೆಣಸು" ಅಂದ.

ವಾಪಸು ಬರುವಾಗ ಚೆಂಡಿಯಾ ದಾಟಿತು. ಅವರ್ಸಾದಲ್ಲಿ ಮಾಮ ಸ್ಕೂಟರಿನ ಹಿಂದಿನ ಸೀಟಿನಿಂದ ಕೇಳಿದ: "ತಂಗೀ, ಮನೇಲಿ ಹೋಗಿ ಎಂತ ಹೇಳೂದೇ?"

ಮನೆ ಮುಟ್ಟುವಾಗ ಇಳಿಬಿಸಿಲು. ಮಾಮಿ ಜಗುಲಿಯ ಕುರ್ಚಿಯಲ್ಲಿ ದಾರಿ ನೋಡುತ್ತಿದ್ದಳು. ಯಾರೋ ತಲೆ ಬಾಚಿ ಹೂವು ಮುಡಿಸಿದ್ದರು. ಮಾಮ ಕೈಕಾಲೂ ತೊಳೆಯದೆ ಅವಳ ಕಾಲ ಬಳಿ ನೆಲದ ಮೇಲೆ ಕೂತ.

"ಆಯ್ಕ!" ಅಂದ.

ಆಮೇಲೆ ಅವನು ಹೇಳಿದ ಪಿಕ್ಚರನ್ನು ನಾನು ಈವರೆಗೆ ಎಲ್ಲೂ ನೋಡಿಲ್ಲ. ಕಾಳಿ ನದಿಯ ಬಾಯಲ್ಲಿ ಮಂಜು. ಹೀರೋ ಒಬ್ಬನೇ, ದಾರಿ ತಪ್ಪಿದ್ದಾನೆ. ಆಗ ಮಂಜಿನೊಳಗಿಂದ ಒಂದು ದೋಣಿ ಬರುತ್ತದೆ. ಸದಾಶಿವಗಡದ ಗುಡ್ಡ ಮೆಲ್ಲಗೆ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಡುತ್ತದೆ. ಹುಟ್ಟು ಹಾಕುತ್ತಿರುವವಳು ಯಾರು? ಮಾಮಿ ಉಸಿರು ಹಿಡಿದು ಕೇಳುತ್ತಿದ್ದಳು. ಎಡಗೈಯಿಂದ ತನ್ನ ಕುತ್ತಿಗೆಯ ಕರಿಮಣಿ ಮುಟ್ಟಿ, ಮಾಮನ ಮುಖ ನೋಡಿದಳು. ಹೀರೋನ ಹೆಂಡತಿಯೋ ಎಂದು ಕೇಳುವ ಹಾಗೆ.

"ಮತ್ಯಾರು? ಅವ್ಳೇ! ಅವ್ಳಿಲ್ದೇ ಅಂವ ಎಲ್ಲಿ ಹೋತ?"

ಮಾಮಿಯ ಬಾಯಿಯ ಒಂದು ಬದಿ ನಕ್ಕಿತು. ಮತ್ತೆ ಮುಖ ಗಂಭೀರವಾಯಿತು. ಕರಿಮಣಿ ಬಿಡದೆ, ಕೈ ಸ್ವಲ್ಪ ಮುಂದೆ ಚಾಚಿ ತೋರಿಸಿದಳು. ಮುಂದಿನ ಭಾಗದಲ್ಲೂ ಇರುತ್ತಾಳೋ?

ಮಾಮ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಅವ್ಳಿಗೆ ಎಂತದೂ ಆಗೂದಿಲ್ಲ ಮಾರಾಯ್ತಿ. ಏಳರಲ್ಲೂ ಇರ್ತದು, ಎಂಟರಲ್ಲೂ ಇರ್ತದು. ಅಂವ ಬಿಡೂದಿಲ್ಲ ಅವ್ಳನ್ನ."

ಮಾಮಿ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ನಾನೂ ಪಿಕ್ಚರ್ ನೋಡಿದವಳಲ್ಲವೇ?

"ಹೌದು ಮಾಮಿ," ಅಂದೆ, "ನಾನೂ ನೋಡಿದೆ. ಅವಳು ಆರಾಮಾಗಿದ್ದಾಳೆ."